ಪೀಠ ತೆರವಾದಾಗ

ಕ್ಷೌರದಂಗಡಿಯಲ್ಲಿ ನಡೆಯುವ ಚರ್ಚೆಗೆ ಸಮನಾದ ಚರ್ಚೆ ಯಾವ ವಿಧಾನಸಭೆಯಲ್ಲಿಯೂ ನಡೆಯುವುದಿಲ್ಲವೆಂಬುದು ನನ್ನ ಬಹುಕಾಲದ ನಂಬಿಕೆ. ವಿಧಾನಸಭೆಯಲ್ಲಿ ಮಾತನಾಡುವವನ ಕೊರಳ ಬಳಿ ಕತ್ತಿಯಿರುವುದಿಲ್ಲ, ಇಲ್ಲಿ ಇರುತ್ತದೆ. ಆದರೂ ಇಲ್ಲಿನವರು ನಿರ್ಭಯವಾಗಿ ಮಾತನಾಡುತ್ತಾರೆ. ಈ ನಂಬಿಕೆ ಹುಟ್ಟಿದ್ದು ನಮ್ಮ ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ. ಅದು ಸಮುದ್ರದಾಚೆಗೂ ಸತ್ಯವೆಂದು ನನಗೆ ತಿಳಿದದ್ದು 2024ರ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ನಗರದಲ್ಲಿ.

ಮಗಳ ಮನೆಗೆಂದು ಹೋಗಿದ್ದೆ. ಲೆಕ್ಸಿಂಗ್ಟನ್ನಿನ ಸುತ್ತ ಕಣ್ಣು ಹಾಯುವವರೆಗೂ ಹಸುರು ಹುಲ್ಲುಗಾವಲು, ಅದರ ನಡುವೆ ಉದ್ದುದ್ದನೆಯ ಮರದ ಬೇಲಿ, ಬೇಲಿಯೊಳಗೆ ರೇಸಿನ ಕುದುರೆಗಳು. ಆ ಊರಿಗೆ ಕುದುರೆಗಳಿಂದ ಕೀರ್ತಿ ಬಂದಿದೆಯೆಂದು ಓದಿಕೊಂಡು ಹೋಗಿದ್ದೆ. ಹೋದ ಮೇಲೆ ತಿಳಿಯಿತು: ಕುದುರೆ ಆ ಊರಿನ ಐಶ್ವರ್ಯ, ಆದರೆ ಅದರ ಪ್ರಾಣ ಇರುವುದು ಕೆಂಟಕಿ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ. ಅಂಗಡಿಯ ಬಾಗಿಲು, ಕಾರಿನ ಹಿಂಭಾಗ, ಮುದುಕರ ಟೋಪಿ, ಎಳೆಯ ಕೂಸಿನ ಅಂಗಿ, ಎಲ್ಲಿ ನೋಡಿದರೂ ಆ ತಂಡದ ನೀಲಿ ಬಣ್ಣ.

ನಾನು ಅಲ್ಲಿದ್ದ ವಾರ ಆಕಾಶದಲ್ಲಿಯೂ ಭೂಮಿಯಲ್ಲಿಯೂ ಏಕಕಾಲಕ್ಕೆ ಉತ್ಪಾತಗಳಾದವು. ಏಪ್ರಿಲ್ 8ರ ಸೋಮವಾರ ಮಧ್ಯಾಹ್ನ ಸೂರ್ಯಗ್ರಹಣ. ಸೂರ್ಯನ ಬಹುಭಾಗ ಮರೆಯಾಗಿ ಹಗಲೇ ಮಂಕಾಯಿತು. ಮಾರನೆಯ ದಿನ ಯುಗಾದಿ. ಮಗಳು ಬೇವಿನ ಎಲೆಯನ್ನು ಎಲ್ಲಿಂದಲೋ ಸಂಪಾದಿಸಿದ್ದಳು. ಬೇವುಬೆಲ್ಲ ಬಾಯಿಗಿಟ್ಟುಕೊಂಡು, ಹುಟ್ಟಿದ ಸಂವತ್ಸರದ ಹೆಸರೇನೆಂದು ನೋಡಿದರೆ ‘ಕ್ರೋಧಿ’. ಅದೇ ದಿನ, 15 ವರ್ಷ ಆ ತಂಡದ ಕೋಚ್ ಆಗಿದ್ದ ಜಾನ್ ಕ್ಯಾಲಿಪಾರಿ ತಾವು ಪೀಠ ಬಿಡುತ್ತಿರುವುದಾಗಿ ಜನರಿಗೆ ತಿಳಿಸಿದರು. ಅವರು ಹೊರಟದ್ದು ಅರ್ಕಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ, ಅದೇ ಪಂಗಡದಲ್ಲಿ ಆಡುವ ಪ್ರತಿಸ್ಪರ್ಧಿ ತಂಡಕ್ಕೆ. ಪಂಚಾಂಗಕರ್ತರು ಕೆಂಟಕಿಯನ್ನು ಕಣ್ಣೆದುರಿಗಿಟ್ಟುಕೊಂಡೇ ಆ ವರ್ಷಕ್ಕೆ ಹೆಸರಿಟ್ಟಂತಿತ್ತು.

ಮಂಗಳವಾರವೂ ಹಬ್ಬವೂ ಆದ್ದರಿಂದ ಕ್ಷೌರ ಕೂಡದು. ಬುಧವಾರ ಬೆಳಿಗ್ಗೆ ಅಳಿಯ ನನ್ನನ್ನು ಒಂದು ಹಳೆಯ ಅಂಗಡಿಯಲ್ಲಿ ಬಿಟ್ಟು ಕೆಲಸಕ್ಕೆ ಹೋದ. ಗೋಡೆಯ ಮೇಲೆ ತೂಗುಹಾಕಿದ್ದ ಪಟಗಳಲ್ಲಿ ದೇವರಿರಲಿಲ್ಲ, ಕೋಚುಗಳಿದ್ದರು. ನಡುವೆ ಕಂದುಬಣ್ಣದ ಸೂಟು ತೊಟ್ಟ ದುಂಡುಮುಖದ ಹಿರಿಯರೊಬ್ಬರ ಪಟ. ಅವರೇ ಅಡಾಲ್ಫ್ ರಪ್. 1930ರಿಂದ 1972ರವರೆಗೆ ಅದೇ ಪೀಠದಲ್ಲಿದ್ದು, 876 ಆಟಗಳನ್ನು ಗೆದ್ದುಕೊಟ್ಟು, ನಾಲ್ಕು ಸಲ ರಾಷ್ಟ್ರದ ಚಾಂಪಿಯನ್ ಪದವಿ ತಂದವರು.

ಅಂಗಡಿಯೊಳಗೆ ನಾಲ್ವರಿದ್ದರು. ಅಂಗಡಿಯ ಯಜಮಾನ, ಕುದುರೆಯ ಲಾಯದಲ್ಲಿ ದುಡಿದು ಬೆನ್ನು ಬಾಗಿದ ಮುದುಕ, ಮಗನ ತಲೆ ಕತ್ತರಿಸಲು ಕರೆತಂದಿದ್ದ ಗಣಿತದ ಉಪಾಧ್ಯಾಯಿನಿ, ಬಸ್ ಚಾಲಕರಾಗಿದ್ದು ನಿವೃತ್ತರಾದ ಕರಿಯ ಜನಾಂಗದ ಹಿರಿಯರೊಬ್ಬರು. ನಾನು ಮೇಷ್ಟ್ರಾಗಿದ್ದವನೆಂದು ಅಳಿಯ ಹೇಳಿಹೋಗಿದ್ದ. ಅಂದಿನಿಂದ ನಾನು ಅಲ್ಲಿ ‘ಪ್ರೊಫೆಸರ್’.

ಚರ್ಚೆಯ ವಿಷಯ ಒಂದೇ: ಮುಂದಿನ ಕೋಚ್ ಯಾರು?

ನಮ್ಮಲ್ಲಿ ಮಗಳಿಗೆ ವರ ಗೊತ್ತುಮಾಡುವಾಗ ನಡೆಯುವ ಮಾತುಕತೆಯನ್ನು ಕೇಳಿದವರಿಗೆ ಆ ಚರ್ಚೆ ಹೊಸದೆನಿಸದು. ಒಬ್ಬನಿಗೆ ಸಂಬಳ ಚೆನ್ನಾಗಿದೆ, ಆದರೆ ಸಿಡುಕ. ಇನ್ನೊಬ್ಬ ಸಾಧು, ಆದರೆ ನಮ್ಮ ಕಡೆಯವನಲ್ಲ. ಮತ್ತೊಬ್ಬ ಎಲ್ಲ ರೀತಿಯಲ್ಲೂ ಸರಿ, ಆದರೆ ಅವನು ನಮ್ಮನ್ನು ಒಪ್ಪಬೇಕಲ್ಲ! ಕುದುರೆಲಾಯದ ಮುದುಕ ಕನೆಟಿಕಟ್ ವಿಶ್ವವಿದ್ಯಾನಿಲಯದ ಡ್ಯಾನ್ ಹರ್ಲಿಯೇ ಬೇಕೆಂದ. ಆ ಸೋಮವಾರದ ರಾತ್ರಿಯಷ್ಟೇ ಹರ್ಲಿಯ ತಂಡ ಪರ್ಡ್ಯೂವನ್ನು 75-60ರಿಂದ ಸೋಲಿಸಿ ಸತತ ಎರಡನೆಯ ಸಲ ಚಾಂಪಿಯನ್ ಆಗಿತ್ತು. ಯಜಮಾನನ ಮನಸ್ಸು ಬೇಲರ್‌ನ ಸ್ಕಾಟ್ ಡ್ರೂ ಮೇಲೆ. 2021ರ ಪದವಿ ಅವರದು. ಉಪಾಧ್ಯಾಯಿನಿ ಇಬ್ಬರನ್ನೂ ಒಪ್ಪಲಿಲ್ಲ. “ಇಷ್ಟು ದೊಡ್ಡವರು ಇದ್ದ ಊರು ಬಿಟ್ಟು ಇಲ್ಲಿಗೇಕೆ ಬರುತ್ತಾರೆ? ಬಂದರೂ ನಾವು ಅವರನ್ನು ಬಾಳಿಸುತ್ತೇವೆಯೆ?” ಎಂದು ಕೇಳಿದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ನಮ್ಮ ಗಾದೆಯನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಉಪಾಧ್ಯಾಯಿನಿಯೊಬ್ಬಳೇ ನಕ್ಕಳು.

ಇಲ್ಲಿ ಒಂದು ಮಾತು ಹೇಳಬೇಕು. ಹಿಂದಿನ ತಿಂಗಳು, ಮಾರ್ಚ್ 21ರಂದು, ಕ್ಯಾಲಿಪಾರಿಯ ತಂಡ ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲಿಯೇ ಓಕ್ಲಂಡ್ ಎಂಬ ಅಪ್ರಸಿದ್ಧ ತಂಡಕ್ಕೆ 80-76ರಿಂದ ಸೋತಿತ್ತು. 2022ರಲ್ಲಿಯೂ ಸೇಂಟ್ ಪೀಟರ್ಸ್ ಎಂಬ ಸಣ್ಣ ಕಾಲೇಜಿನಿಂದ ಅದೇ ಗತಿಯಾಗಿತ್ತು. ಅಂದು ಇವರೆಲ್ಲರೂ ಆ ಮನುಷ್ಯ ತೊಲಗಲೆಂದು ಹಾರೈಸಿದವರೇ. ಆದರೆ ಆತನನ್ನು ತೆಗೆಯಬೇಕಾದರೆ ಕರಾರಿನಂತೆ 3 ಕೋಟಿ ಡಾಲರಿಗೂ ಮೇಲ್ಪಟ್ಟ ಹಣ ತೆರಬೇಕಾಗಿತ್ತು. ಈಗ ಆತ ತಾನಾಗಿಯೇ ಹೊರಟಾಗ ಹಣವೂ ಉಳಿಯಿತು, ಹಾರೈಕೆಯೂ ಕೈಗೂಡಿತು. ಆದರೂ ಕೋಪ ಇಮ್ಮಡಿಯಾಯಿತು. ನಾವು ಬಿಡುವುದು ಬೇರೆ, ನಮ್ಮನ್ನು ಬಿಟ್ಟುಹೋಗುವುದು ಬೇರೆ.

ಬಸ್ ಚಾಲಕರು ಅದುವರೆಗೆ ಮಾತನಾಡಿರಲಿಲ್ಲ. ಅವರು ಗೋಡೆಯ ಮೇಲಿನ ಕಂದು ಸೂಟಿನ ಕಡೆ ನೋಡಿ ಮೆಲ್ಲನೆ ಹೇಳಿದರು: “ಪ್ರೊಫೆಸರ್, 1966ರಲ್ಲಿ ನನಗೆ ಹತ್ತು ವರ್ಷ. ಅಂತಿಮ ಆಟದಲ್ಲಿ ಇವರ ತಂಡದಲ್ಲಿ ಒಬ್ಬ ಕರಿಯನೂ ಇರಲಿಲ್ಲ. ಎದುರಿಗೆ ಟೆಕ್ಸಾಸ್ ವೆಸ್ಟರ್ನ್. ಅವರು ಆಟ ಆರಂಭಿಸಿದ್ದು ಐವರು ಕರಿಯ ಹುಡುಗರಿಂದ. 72-65ರಿಂದ ಅವರು ಗೆದ್ದರು. ಊರಿಗೆ ಊರೇ ಅತ್ತ ರಾತ್ರಿ ನಮ್ಮ ಮನೆಯಲ್ಲಿ ನಾವು ಕದ ಹಾಕಿಕೊಂಡು ನಕ್ಕೆವು.” ಸ್ವಲ್ಪ ತಡೆದು ಮುಂದುವರಿಸಿದರು: “1997ರಲ್ಲಿ ಟಬ್ಬಿ ಸ್ಮಿತ್ ಈ ಪೀಠಕ್ಕೆ ಬಂದಾಗ ನಮ್ಮಪ್ಪ ಮೊದಲ ಬಾರಿಗೆ ನೀಲಿ ಟೋಪಿ ಕೊಂಡರು.”

ಯಾರೂ ಉತ್ತರ ಕೊಡಲಿಲ್ಲ. ಕತ್ತರಿಯ ಸದ್ದೊಂದೇ ಕೇಳುತ್ತಿತ್ತು. ರಪ್ ತಮ್ಮ ತಂಡಕ್ಕೆ ಮೊದಲ ಕರಿಯ ಆಟಗಾರನನ್ನು ಸೇರಿಸಿಕೊಂಡದ್ದು 1969ರಲ್ಲಿ. ಅದೇ ಪೀಠದಲ್ಲಿ ಕುಳಿತ ಮೊದಲ ಕರಿಯ ಕೋಚ್ ಟಬ್ಬಿ ಸ್ಮಿತ್. ಬಂದ ಮೊದಲ ವರ್ಷವೇ, 1998ರಲ್ಲಿ, ಚಾಂಪಿಯನ್ ಪದವಿ ತಂದರು. ಹತ್ತು ವರ್ಷಗಳಲ್ಲಿ 263 ಗೆಲುವು. ಆದರೂ ಜನಕ್ಕೆ ಸಾಲದಾಯಿತು. ಗೊಣಗಾಟದ ನಡುವೆ 2007ರಲ್ಲಿ ಅವರು ಮಿನೆಸೋಟಕ್ಕೆ ಹೊರಟುಹೋದರು. ಅನಂತರ ಬಂದ ಬಿಲ್ಲಿ ಗಿಲಿಸ್ಪಿ ಎರಡೇ ವರ್ಷದಲ್ಲಿ 40 ಗೆದ್ದು 27 ಸೋತು ಮನೆಗೆ ಹೋಗಬೇಕಾಯಿತು. ಮುಂದಿನ ಕೋಚ್ ಯಾರೆಂದು ಕೇಳುವಾಗ ಊರು ‘ನಮ್ಮವನು ಯಾರು’ ಎಂದೂ ಕೇಳಿಕೊಳ್ಳುತ್ತಿರುತ್ತದೆ. ಆ ‘ನಾವು’ ಎಂಬುದರೊಳಗೆ ಯಾರು ಯಾರಿದ್ದಾರೆ ಎಂಬುದು ಆ ಹಿರಿಯರು ಎತ್ತಿದ ಪ್ರಶ್ನೆ.

“ಪ್ರೊಫೆಸರ್, ನಿಮಗೆ ಹೇಗೆ ತೋರುತ್ತದೆ?” ಎಂದು ಯಜಮಾನ ಕೇಳಿದ. ನಾನು ಆಟದ ಬಗ್ಗೆ ಏನು ಹೇಳಬಲ್ಲೆ? ಆದರೆ ತೆರವಾದ ಪೀಠದ ಬಗ್ಗೆ ನನಗೆ ಸ್ವಲ್ಪ ಗೊತ್ತು.

1987ರಲ್ಲಿ, ನನ್ನ ನಲವತ್ತನೆಯ ವಯಸ್ಸಿನಲ್ಲಿ, ನಾನು ಮಲೆನಾಡಿನ ಒಂದು ಪ್ರೌಢಶಾಲೆಗೆ ಮುಖ್ಯೋಪಾಧ್ಯಾಯನಾಗಿ ಹೋದೆ. ನನಗಿಂತ ಹಿಂದಿದ್ದವರು 22 ವರ್ಷ ಅಲ್ಲಿಯೇ ಇದ್ದವರು. ಊರಿನಲ್ಲಿ ಅವರಿಗೆ ಹೆಸರೇ ಇರಲಿಲ್ಲ. ‘ದೊಡ್ಡ ಮೇಷ್ಟ್ರು’ ಎಂದರೆ ಸಾಕು. ಅವರ ನಿವೃತ್ತಿ ಹತ್ತಿರವಾದಾಗ ಪೇಟೆಯ ಹೋಟೆಲಿನಲ್ಲಿಯೂ ಕ್ಷೌರದಂಗಡಿಯಲ್ಲಿಯೂ ಆರು ತಿಂಗಳು ಇದೇ ಚರ್ಚೆ ನಡೆದಿತ್ತಂತೆ. ಅಲ್ಲಿ ಎದ್ದ ಹೆಸರುಗಳಲ್ಲಿ ನನ್ನದು ಇರಲಿಲ್ಲ. ಮೊದಲನೆಯ ದಿನ ಜವಾನ ಕುರ್ಚಿಯ ಧೂಳು ಕೊಡವುತ್ತ, “ಇದು ದೊಡ್ಡ ಮೇಷ್ಟ್ರ ಕುರ್ಚಿ, ಸ್ವಾಮಿ” ಎಂದ. ಕುಳಿತುಕೊಳ್ಳಿ ಎನ್ನಲಿಲ್ಲ.

ಆ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಇಳಿಯಿತು. ಆಡಳಿತ ಮಂಡಳಿಗೆ ಒಂದು ಮನವಿ ಹೋಯಿತು. ನನ್ನನ್ನು ತೆಗೆದು ‘ಯೋಗ್ಯರೊಬ್ಬರನ್ನು’ ನೇಮಿಸಬೇಕೆಂದು. ಸಹಿ ಹಾಕಿದವರಲ್ಲಿ, ನಾನು ಪ್ರತಿ ಸಂಜೆ ಮನೆಯಲ್ಲಿ ಬಿಟ್ಟಿ ಪಾಠ ಹೇಳುತ್ತಿದ್ದ ಹುಡುಗನೊಬ್ಬನ ತಂದೆಯೂ ಇದ್ದರು. ಆದರೆ ನನ್ನನ್ನು ಹೆಚ್ಚು ನೋಯಿಸಿದ್ದು ದೊಡ್ಡ ಮೇಷ್ಟ್ರ ಮೌನ. ಅವರು ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಶಾಲೆಯ ಹತ್ತಿರವೂ ಸುಳಿಯಲಿಲ್ಲ. ಇದು ತಿರಸ್ಕಾರವೆಂದೇ ಬಗೆದು ವರ್ಷಗಳ ಕಾಲ ಮನಸ್ಸಿನೊಳಗೆ ಅವರೊಡನೆ ಜಗಳವಾಡಿದೆ.

ಇಷ್ಟನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಯಜಮಾನ ಕತ್ತರಿ ಕೆಳಗಿಟ್ಟು, “ಹಾಗಾದರೆ ನೀವು ಜೋ ಹಾಲ್!” ಎಂದ.

ಆ ಕಥೆ ಓದುಗರಿಗೂ ತಿಳಿಯಬೇಕು. 1972ರಲ್ಲಿ ರಪ್‌ಗೆ 70 ವರ್ಷ ವಯಸ್ಸಾಗಿತ್ತು. ಆ ವಯಸ್ಸಿಗೆ ನಿವೃತ್ತರಾಗಬೇಕೆಂಬುದು ವಿಶ್ವವಿದ್ಯಾನಿಲಯದ ನಿಯಮ. ಅವರಿಗೆ ಹೋಗಲು ಮನಸ್ಸಿರಲಿಲ್ಲ. ಅವರಿಗಾಗಿ ನಿಯಮ ಸಡಿಲಿಸಬೇಕೆಂದು ಅಭಿಮಾನಿಗಳು ಬಹಳ ಗಲಾಟೆ ಮಾಡಿದರು. ಅದು ಫಲಿಸಲಿಲ್ಲ. ಪೀಠ ಸಿಕ್ಕಿದ್ದು ಅವರ ಕೈಕೆಳಗೆ ದುಡಿದಿದ್ದ ಜೋ ಬಿ. ಹಾಲ್‌ಗೆ. ಹಾಲ್ ಕೆಂಟಕಿಯ ನೆಲದಲ್ಲಿಯೇ ಹುಟ್ಟಿದವರು. ಆದರೂ ಗೆದ್ದಾಗ ಅದು ರಪ್ ಕಟ್ಟಿದ ಮನೆ, ಸೋತಾಗ ಹಾಲ್ ಕೆಡವಿದ ಮನೆ. 1975ರ ಅಂತಿಮ ಆಟದಲ್ಲಿ ಅವರ ತಂಡ ಲಾಸ್ ಏಂಜಲಿಸ್‌ನ ಯು.ಸಿ.ಎಲ್.ಎ. ತಂಡಕ್ಕೆ 92-85ರಿಂದ ಸೋತಿತು. ಅದು ಎದುರು ಪಕ್ಷದ ಜಾನ್ ವುಡನ್ ಅವರ ಕೊನೆಯ ಆಟ; 12 ವರ್ಷಗಳಲ್ಲಿ ಅವರ ಹತ್ತನೆಯ ಪದವಿ. ವುಡನ್ನರ ಪೀಠಕ್ಕೆ ಬಂದ ಜೀನ್ ಬಾರ್ಟೋ ಎರಡು ವರ್ಷಗಳಲ್ಲಿ 52 ಗೆದ್ದು ಒಂಬತ್ತೇ ಸೋತರು. ಅಷ್ಟಾದರೂ ಅಲ್ಲಿನ ಜನರ ಆಡಿಕೆ ತಾಳಲಾರದೆ 1977ರಲ್ಲಿ ಬೇರೆಡೆಗೆ ಹೋದರು. ಹಾಲ್ ಹೋಗಲಿಲ್ಲ. 1977ರ ಡಿಸೆಂಬರ್ 10ರ ರಾತ್ರಿ ಅವರ ತಂಡ, ರಪ್ ವಿದ್ಯಾರ್ಥಿಯಾಗಿ ಆಡಿದ್ದ ಕಾನ್ಸಾಸ್ ವಿಶ್ವವಿದ್ಯಾನಿಲಯದ ವಿರುದ್ಧ ಅಲ್ಲಿಯೇ ಆಡುತ್ತಿತ್ತು. ಆ ರಾತ್ರಿಯೇ ರಪ್ ಲೆಕ್ಸಿಂಗ್ಟನ್ನಿನಲ್ಲಿ ಕಣ್ಣುಮುಚ್ಚಿದರು. ನಾಲ್ಕು ತಿಂಗಳು ಕಳೆಯುವುದರೊಳಗೆ ಹಾಲ್ 1978ರ ಚಾಂಪಿಯನ್ ಪದವಿ ತಂದರು. ತನ್ನ ಪೀಠಕ್ಕೆ ಬಂದವನು ಗೆದ್ದುದನ್ನು ನೋಡಲು ಹಿರಿಯನಿರಲಿಲ್ಲ. ತಾನು ಗೆದ್ದೆನೆಂದು ತೋರಿಸಲು ಕಿರಿಯನಿಗೆ ಹಿರಿಯನಿರಲಿಲ್ಲ.

ಈ ಆಟದ ಹುಟ್ಟನ್ನು ನೆನೆದರೆ ಮತ್ತೊಂದು ಸ್ವಾರಸ್ಯವಿದೆ. 1891ರ ಚಳಿಗಾಲದಲ್ಲಿ ಮೆಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಮನೆಯೊಳಗೇ ಆಡಬಹುದಾದ ಆಟವೊಂದು ಬೇಕೆಂದು, ಜೇಮ್ಸ್ ನೇಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಹೊಡೆದು ನಿಲ್ಲಿಸಿ, 13 ನಿಯಮಗಳನ್ನು ಬರೆದರು. ಆ ನಿಯಮಗಳಲ್ಲಿ ಕೋಚ್ ಎಂಬವನೇ ಇಲ್ಲ. ಮುಂದೆ ಅವರು ಕಾನ್ಸಾಸ್‌ನಲ್ಲಿ ತಂಡ ನಡೆಸಿದಾಗ 55 ಗೆದ್ದು 60 ಸೋತರು. ಆ ವಿಶ್ವವಿದ್ಯಾನಿಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ಕೋಚ್ ಅವರೊಬ್ಬರೇ! ಆಟವನ್ನು ಸೃಷ್ಟಿಸಿದವರನ್ನು ಇಂದಿನ ಕ್ಷೌರದಂಗಡಿ ಎಷ್ಟು ದಿನ ಪೀಠದಲ್ಲಿ ಉಳಿಸುತ್ತಿತ್ತು? 1940ರ ದಶಕದ ಕೊನೆಯವರೆಗೂ ಆಟದ ನಡುವಣ ವಿರಾಮದಲ್ಲಿ ಕೋಚ್ ಆಟಗಾರರೊಡನೆ ಮಾತನಾಡುವಂತೆಯೂ ಇರಲಿಲ್ಲ. ಬುಟ್ಟಿಗೆ ಚೆಂಡು ಹಾಕುವವರು ಅಂದೂ ಹುಡುಗರೇ, ಇಂದೂ ಹುಡುಗರೇ. ಆದರೆ ಹುಡುಗರು ನಾಲ್ಕು ವರ್ಷದಲ್ಲಿ, ಈಗೀಗ ಒಂದೇ ವರ್ಷದಲ್ಲಿ, ಹೊರಟುಹೋಗುತ್ತಾರೆ. ಊರಿನ ಜನಕ್ಕೆ ಹಿಡಿದುಕೊಳ್ಳಲು ನಿಂತ ಮನುಷ್ಯನೊಬ್ಬ ಬೇಕು. ಆ ನಿಂತವನನ್ನೇ ಕೋಚ್ ಎನ್ನುತ್ತಾರೆ.

ಎರಡು ದಿನ ಕಳೆಯಿತು. ಗುರುವಾರ ಸ್ಕಾಟ್ ಡ್ರೂ ತಾವು ಬೇಲರ್ ಬಿಡುವುದಿಲ್ಲವೆಂದರು. ಹರ್ಲಿಯೂ ಇದ್ದಲ್ಲಿಯೇ ಉಳಿದರು. ಶುಕ್ರವಾರ ವಿಶ್ವವಿದ್ಯಾನಿಲಯ ಪ್ರಕಟಿಸಿದ ಹೆಸರು ಮಾರ್ಕ್ ಪೋಪ್. 1996ರಲ್ಲಿ ರಿಕ್ ಪಿಟಿನೋ ಅವರ ಕೈಕೆಳಗೆ ಚಾಂಪಿಯನ್ ಆದ ತಂಡದ ನಾಯಕರಲ್ಲೊಬ್ಬ. ಮುಂದೆ ವೈದ್ಯವಿದ್ಯೆ ಓದುತ್ತಿದ್ದವರು ಅದನ್ನು ನಡುವೆಯೇ ಬಿಟ್ಟು ಕೋಚ್ ಕೆಲಸಕ್ಕೆ ಬಂದವರು. ಆಗ ಯೂಟಾ ಸಂಸ್ಥಾನದ ಬ್ರಿಗಂ ಯಂಗ್ ವಿಶ್ವವಿದ್ಯಾನಿಲಯದ ಕೋಚ್. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಕೋಚ್ ಆಗಿ ಅದುವರೆಗೆ ಒಂದು ಆಟವನ್ನೂ ಗೆದ್ದಿರಲಿಲ್ಲ.

ಮೊಮ್ಮಗನ ಕ್ಷೌರದ ನೆಪ ಮಾಡಿಕೊಂಡು ನಾನು ಅಂಗಡಿಗೆ ಹೋದೆ. ಸೂತಕದ ಮನೆಯಂತಿತ್ತು. “ಬೆಟ್ಟ ಅಗೆದು ಇಲಿ ಹಿಡಿದರು” ಎಂಬರ್ಥದ ಏನನ್ನೋ ಕುದುರೆಲಾಯದ ಮುದುಕ ಹೇಳಿದ. ತಮ್ಮಲ್ಲಿಯೇ ಆಡಿ ಬೆಳೆದವನಲ್ಲವೆ ಎಂದು ನಾನು ಕೇಳಿದೆ. “ಅದೇ ದೋಷ. ಪ್ರೀತಿ ಬೇರೆ, ಗೆಲ್ಲುವುದು ಬೇರೆ” ಎಂದ ಯಜಮಾನ. ಹಿತ್ತಲ ಗಿಡ ಅಲ್ಲಿಯೂ ಮದ್ದಲ್ಲ.

ಭಾನುವಾರ, ಏಪ್ರಿಲ್ 14, ಹೊಸ ಕೋಚನ್ನು ಜನರಿಗೆ ಪರಿಚಯಿಸುವ ಸಮಾರಂಭ. ಸ್ಥಳ, ರಪ್ ಹೆಸರಿನ ಕ್ರೀಡಾಂಗಣ. ಯಾರೂ ಬರುವುದಿಲ್ಲವೆಂದು ಅಳಿಯ ಹೇಳಿದ್ದ. ನಾವು ಹೋದಾಗ ಬೀದಿಯುದ್ದಕ್ಕೂ ಸಾಲು. ಸುಮಾರು 20,000 ಆಸನಗಳ ಆ ಮಂದಿರ ಭರ್ತಿಯಾಯಿತು. ಆಡುವುದಕ್ಕೆ ಹುಡುಗರಿಲ್ಲ, ಎದುರಾಳಿಯಿಲ್ಲ, ಚೆಂಡಿಲ್ಲ. ಒಬ್ಬ ಮನುಷ್ಯನ ಮಾತು ಕೇಳಲು ಇಷ್ಟು ಜನ. ಹಳೆಯ ಸಹ ಆಟಗಾರರೊಡನೆ ಬಸ್ಸಿನಲ್ಲಿ ಒಳಗೆ ಬಂದ ಪೋಪ್, 1996ರ ಪಾರಿತೋಷಕವನ್ನು ಕೈಯಲ್ಲಿ ಹಿಡಿದಿದ್ದರು. ನನ್ನ ಮುಂದಿನ ಸಾಲಿನಲ್ಲಿ ಒಂದು ಬಾಗಿದ ಬೆನ್ನು ಕಾಣಿಸಿತು. ಕುದುರೆಲಾಯದ ಮುದುಕ! ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡು ಸಂಕೋಚದಿಂದ, “ನೋಡಿಹೋಗೋಣವೆಂದು ಬಂದೆ, ಪ್ರೊಫೆಸರ್” ಎಂದ.

ಅಂದು ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅಂಗಡಿಯಲ್ಲಿ ನನ್ನ ಕಥೆಯ ಅರ್ಧವನ್ನು ಮಾತ್ರ ಹೇಳಿದ್ದೆ. ಉಳಿದರ್ಧ ಹೀಗಿದೆ.

ನಾನು ಆ ಶಾಲೆಯಲ್ಲಿ 18 ವರ್ಷ ಇದ್ದೆ. ಫಲಿತಾಂಶ ಏರಿತು, ಕೂದಲು ಬೆಳ್ಳಗಾಯಿತು, ಮನವಿಗೆ ಸಹಿ ಹಾಕಿದವರು ಸತ್ಕಾರ ಸಮಾರಂಭದಲ್ಲಿ ಹಾರ ಹಾಕಿದರು. ಯಾವ ದಿನ ಎಂದು ತಿಳಿಯದು, ನಾನೇ ‘ದೊಡ್ಡ ಮೇಷ್ಟ್ರು’ ಆಗಿದ್ದೆ. 2005ರಲ್ಲಿ ನಿವೃತ್ತನಾದೆ, ನನ್ನ ಪೀಠಕ್ಕೆ ಬಂದವಳು ದೂರದ ಜಿಲ್ಲೆಯ ಒಬ್ಬ ಹೆಣ್ಣುಮಗಳು. ಮೊದಲ ವರ್ಷವೇ ಹೋಟೆಲಿನಲ್ಲಿ ಅವಳ ಬಗ್ಗೆ ಹಗುರವಾದ ಮಾತು ಶುರುವಾಯಿತು. “ನಿಮ್ಮ ಕಾಲದಲ್ಲಿ ಹೀಗಿತ್ತೆ, ಮೇಷ್ಟ್ರೆ?” ಎಂದು ನನ್ನ ಮುಖ ನೋಡಿ ಕೇಳುವರು. ನಾನು ಕಾಫಿ ಕುಡಿಯುತ್ತ ಸುಮ್ಮನಿರುತ್ತಿದ್ದೆ. ಆ ಮೌನದಲ್ಲಿ ಒಂದು ಸವಿಯಿತ್ತು. ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ. ಇಷ್ಟು ಸಾಲದೆಂದು ಸಂಜೆಯ ತಿರುಗಾಟಕ್ಕೆ ಶಾಲೆಯ ಮುಂದಿನ ರಸ್ತೆಯನ್ನೇ ಹಿಡಿಯುತ್ತಿದ್ದೆ. ಹುಡುಗರು ಆಟ ಬಿಟ್ಟು ಓಡಿಬಂದು ನಮಸ್ಕಾರ ಮಾಡುವರು. ಕಿಟಕಿಯಿಂದ ಆಕೆ ಅದನ್ನು ನೋಡುತ್ತಿದ್ದಳೆಂಬುದು ನನಗೆ ತಿಳಿದಿತ್ತು.

ನನ್ನ ದೊಡ್ಡ ಮೇಷ್ಟ್ರು ತೀರಿಕೊಂಡಾಗ ಅವರ ಮಗನೊಬ್ಬ ಮಾತಿಗೆ ಮಾತು ಬಂದು ಹೇಳಿದ್ದ: ನಿವೃತ್ತಿಯಾದ ಮೇಲೆ ಅವರು ಪೇಟೆಗೆ ಹೋಗಲು ಶಾಲೆಯ ದಾರಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತಿಹೋಗುತ್ತಿದ್ದರಂತೆ. ಏಕೆಂದು ಕೇಳಿದರೆ, “ಹುಡುಗರು ನನಗೆ ಎದ್ದು ನಿಂತರೆ ಹೊಸಬರಿಗೆ ಕೂರಲು ಆಗುವುದಿಲ್ಲ” ಎಂದಿದ್ದರಂತೆ. ಅದನ್ನು ಕೇಳಿ ಆಗ ತಲೆಯಾಡಿಸಿ ಬಂದಿದ್ದೆ. ಅದರ ಭಾರ ತಿಳಿದದ್ದು ಆ ರಾತ್ರಿ, ಲೆಕ್ಸಿಂಗ್ಟನ್ನಿನಲ್ಲಿ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ನಾನು ಊರಿಗೆ ಮರಳಿದ ಮೇಲೆ, 2024ರ ಅಕ್ಟೋಬರಿನಲ್ಲಿ, ಪಿಟಿನೋ ತಮ್ಮ ಶಿಷ್ಯನನ್ನು ಹರಸಲು ರಪ್ ಕ್ರೀಡಾಂಗಣಕ್ಕೆ ಬಂದರೆಂದು ಮೊಮ್ಮಗ ತಿಳಿಸಿದ. 2001ರಲ್ಲಿ ಬದ್ಧವೈರಿಯಾದ ಲೂಯಿವಿಲ್‌ಗೆ ಕೋಚ್ ಆಗಿ ಹೋಗಿ ‘ದ್ರೋಹಿ’ ಎನಿಸಿಕೊಂಡಿದ್ದವರಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. 2025ರ ಫೆಬ್ರವರಿ 1ರಂದು ಕ್ಯಾಲಿಪಾರಿ ಅರ್ಕಾನ್ಸಾಸ್ ತಂಡದೊಡನೆ ಅದೇ ಅಂಗಳಕ್ಕೆ ಬಂದಾಗ ಅದೇ ಜನ ಕೂಗಿ ಮೂದಲಿಸಿದರು. ಅವರು 89-79ರಿಂದ ಗೆದ್ದು ಹೋದರು. ಹೆಚ್ಚುಕಡಿಮೆ ಇಡೀ ತಂಡವನ್ನೇ ಹೊಸದಾಗಿ ಕೂಡಿಸಿಕೊಂಡಿದ್ದ ಪೋಪ್ ಆ ವರ್ಷ 24 ಆಟ ಗೆದ್ದು, ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ಹದಿನಾರರ ಸುತ್ತಿನವರೆಗೆ ತಂಡವನ್ನು ಒಯ್ದು, ಅಲ್ಲಿ ಟೆನೆಸಿಗೆ ಸೋತರು. ಕ್ಷೌರದಂಗಡಿಯಲ್ಲಿ ಮಾತು ಮತ್ತೆ ಎದ್ದಿರಬೇಕು. ಪಿಟಿನೋಗೆ ಸಿಕ್ಕ ಕ್ಷಮೆ ಕ್ಯಾಲಿಪಾರಿಗೂ ಒಂದು ದಿನ ಸಿಕ್ಕೀತು. ಜನಕ್ಕೆ ಅದಕ್ಕೆ ಇಪ್ಪತ್ತು ವರ್ಷ ಬೇಕು, ಅಷ್ಟೆ.

ನನಗೆ ಅಷ್ಟು ಕಾಲಾವಕಾಶವಿಲ್ಲ. ಊರಿಗೆ ಬಂದ ವಾರದಲ್ಲಿಯೇ ಆ ಹೆಣ್ಣುಮಗಳ ವಿಳಾಸ ವಿಚಾರಿಸಿದೆ. ಆಕೆಯೂ ನಿವೃತ್ತಳಾಗಿ ತನ್ನ ಊರಿಗೆ ಹೋಗಿದ್ದಾಳೆ. ಒಂದು ಕಾಗದ ಬರೆದೆ. ಏನು ಬರೆದೆನೆಂಬುದು ಇಲ್ಲಿ ಬೇಡ. ಹತ್ತು ದಿನದ ಮೇಲೆ ಉತ್ತರ ಬಂತು. ಕ್ಷೇಮಸಮಾಚಾರದ ನಾಲ್ಕು ಸಾಲು, ಕೊನೆಯಲ್ಲಿ, “ಸಾರ್, ಈಗಲೂ ಸಂಜೆ ತಿರುಗಾಡಲು ಹೋಗುತ್ತೀರಾ?” ಎಂದು ಕೇಳಿದ್ದಳು.

ಹೋಗುತ್ತೇನೆ. ಈಗ ಕೆರೆಯ ಏರಿಯ ಮೇಲೆ.